ನೆಲ ಮತ್ತು ಕಾಗದ: ಅಮೆರಿಕದ ಕಪ್ಪು ಜನರು ಕಟ್ಟಿದ, ಕಳೆದುಕೊಂಡ ಊರುಗಳು

1821ರಲ್ಲಿ ನ್ಯೂಯಾರ್ಕ್ ರಾಜ್ಯವು ತನ್ನ ಸಂವಿಧಾನವನ್ನು ಹೊಸದಾಗಿ ರಚಿಸಿಕೊಂಡಿತು. ಮತ ಹಾಕಬೇಕಾದರೆ ಆಸ್ತಿಯಿರಬೇಕು ಎಂಬ ಹಳೆಯ ಷರತ್ತು ಆ ಹೊತ್ತಿನಿಂದ ಬಿಳಿಯ ಗಂಡಸರ ಪಾಲಿಗೆ ಸಡಿಲಗೊಳ್ಳುತ್ತ ಬಂದು, ಕೆಲವೇ ವರ್ಷಗಳಲ್ಲಿ ಪೂರ್ತಿ ರದ್ದಾಯಿತು. ಕಪ್ಪು ಗಂಡಸರಿಗೆ ಮಾತ್ರ ಅದೇ ಸಂವಿಧಾನವು ಹೊಸ ಬೇಲಿಯೊಂದನ್ನು ಹಾಕಿತು: ಸಾಲವೆಲ್ಲ ಕಳೆದು ಕನಿಷ್ಠ 250 ಡಾಲರ್ ಬೆಲೆಯ ಸ್ಥಿರಾಸ್ತಿ ಉಳ್ಳವರಿಗಷ್ಟೇ ಮತದಾನದ ಹಕ್ಕು. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1827ರ ಜುಲೈ 4ರಂದು. ನಿನ್ನೆಯವರೆಗೆ ತಾವೇ ಮತ್ತೊಬ್ಬರ ಆಸ್ತಿಯಾಗಿದ್ದ ಜನರಿಗೆ, ಆಸ್ತಿ ತೋರಿಸಿದರೆ ಮಾತ್ರ ಪ್ರಜೆಗಳೆಂದು ಒಪ್ಪುತ್ತೇವೆ ಎಂದು ಕಾನೂನು ಹೇಳಿದಂತಾಯಿತು. ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಬಾರದೆಂಬ ಹದಿನೈದನೆಯ ತಿದ್ದುಪಡಿ 1870ರಲ್ಲಿ ಅಮೆರಿಕದ ಸಂವಿಧಾನಕ್ಕೆ ಬರುವವರೆಗೂ ಈ ಷರತ್ತು ಅಲುಗಾಡಲಿಲ್ಲ. ನಡುವೆ ಅದನ್ನು ತೆಗೆಯಬೇಕೇ ಎಂದು ಜನಾಭಿಪ್ರಾಯ ಕೇಳಿದಾಗಲೆಲ್ಲ ಬಹುಮತದ ಉತ್ತರ ಬೇಡವೆಂದೇ ಬಂತು.

ಅಮೆರಿಕದ ಕಪ್ಪು ಜನರ ಚರಿತ್ರೆಯೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ಮತ್ತು ಬಸ್ಸು, ಶಾಲೆ, ಮತಗಟ್ಟೆಗಳ ಹೋರಾಟ. ಅವೆಲ್ಲಕ್ಕೂ ಮೊದಲೇ ಆರಂಭವಾಗಿ, ಅವೆಲ್ಲ ಮುಗಿದ ಮೇಲೂ ನಡೆಯುತ್ತಿರುವ ಇನ್ನೊಂದು ಹೋರಾಟವಿದೆ. ಅದು ನೆಲದ್ದು. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಕಪ್ಪು ಜನರು ಬೆವರಿನ ಹಣದಿಂದ ನೆಲ ಕೊಂಡರು, ಊರು ಕಟ್ಟಿದರು, ಶಾಲೆ ತೆರೆದರು. ಆ ಊರುಗಳಲ್ಲಿ ಕೆಲವು ದಂಗೆಯಲ್ಲಿ ಸುಟ್ಟುಹೋದವು. ಆದರೆ ಬಹಳಷ್ಟು ನೆಲ ಕೈತಪ್ಪಿದ್ದು ಹಗಲು ಹೊತ್ತಿನಲ್ಲಿ, ಕಚೇರಿಯಲ್ಲಿ, ಮೊಹರು ಒತ್ತಿದ ಕಾಗದದ ಮೂಲಕ. ಯಾವ ಕಾಗದ ನಿಂತಿತು, ಯಾವುದು ನಿಲ್ಲಲಿಲ್ಲ, ಏಕೆ ಎಂಬುದನ್ನು ಬಿಡಿಸಿ ನೋಡಿದರೆ ಈ ಚರಿತ್ರೆಯ ಒಳಗಂಟು ಕಾಣುತ್ತದೆ.

ಮೊದಲಿಗೆ ಸೆನೆಕಾ ವಿಲೇಜ್. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಇಂದು ಸೆಂಟ್ರಲ್ ಪಾರ್ಕ್ ಇರುವಲ್ಲಿ, 82ನೇ ಮತ್ತು 89ನೇ ಬೀದಿಗಳ ನಡುವೆ, ಉದ್ಯಾನದ ಪಶ್ಚಿಮದ ಅಂಚಿಗೆ ಈ ಊರಿತ್ತು. ಆಗ ನಗರವೆಲ್ಲ ದ್ವೀಪದ ದಕ್ಷಿಣ ತುದಿಯಲ್ಲಿ ಒತ್ತೊತ್ತಾಗಿತ್ತು. ಈ ಭಾಗ ಊರಾಚೆಯ ಬಂಡೆ, ದಿಣ್ಣೆಗಳ ಹೊಲವಾಗಿತ್ತು. ಜಾನ್ ಮತ್ತು ಎಲಿಜಬೆತ್ ವೈಟ್‌ಹೆಡ್ ದಂಪತಿ ತಮ್ಮ ಹೊಲವನ್ನು ನಿವೇಶನಗಳಾಗಿ ಒಡೆದು ಮಾರತೊಡಗಿದಾಗ, 1825ರ ಸೆಪ್ಟೆಂಬರಿನಲ್ಲಿ ಆಂಡ್ರ್ಯೂ ವಿಲಿಯಮ್ಸ್ ಎಂಬ 25 ವರ್ಷದ ಕಪ್ಪು ಯುವಕ 125 ಡಾಲರಿಗೆ ಮೂರು ನಿವೇಶನಗಳನ್ನು ಕೊಂಡ. ಬೂಟಿಗೆ ಪಾಲಿಶ್ ಹಾಕುವುದು ಅವನ ಕಸುಬು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಜಿಯಾನ್ ಚರ್ಚಿನ ಧರ್ಮದರ್ಶಿಯಾಗಿದ್ದ, ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಎಪಿಫನಿ ಡೇವಿಸ್ 578 ಡಾಲರ್ ತೆತ್ತು 12 ನಿವೇಶನಗಳನ್ನು ಕೊಂಡ. ಆ ಚರ್ಚೂ ಅಲ್ಲಿ ಆರು ನಿವೇಶನಗಳನ್ನು ಪಡೆಯಿತು. ಹೀಗೆ ಊರು ಬೆಳೆಯಿತು.

1855ರ ಹೊತ್ತಿಗೆ ಅಲ್ಲಿ ಸುಮಾರು 225 ಜನರಿದ್ದರು. ಮೂರರಲ್ಲಿ ಎರಡು ಪಾಲು ಕಪ್ಪು ಜನರು, ಉಳಿದವರಲ್ಲಿ ಹೆಚ್ಚಿನವರು ಬರಗಾಲದಿಂದ ಓಡಿಬಂದ ಐರಿಷರು, ಕೆಲವರು ಜರ್ಮನರು. ಮೂರು ಚರ್ಚುಗಳು, ಸ್ಮಶಾನಗಳು, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಮಕ್ಕಳ ಶಾಲೆ ಇದ್ದವು. ಆಲ್ ಏಂಜಲ್ಸ್ ಎಂಬ ಚರ್ಚಿನಲ್ಲಿ ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದರು. ನಗರದಲ್ಲಿ ಬೇರೆಲ್ಲೂ ಸುಲಭವಾಗಿ ಕಾಣಸಿಗದಿದ್ದ ನೋಟವಿದು. ಅಲ್ಲಿಯ ಕಪ್ಪು ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮ ಮನೆ, ನೆಲಗಳಿಗೆ ತಾವೇ ಒಡೆಯರಾಗಿದ್ದರು. 1845ರಲ್ಲಿ ಇಡೀ ನ್ಯೂಯಾರ್ಕ್ ನಗರದಲ್ಲಿ ಮತದಾನಕ್ಕೆ ಅರ್ಹರಾಗಿದ್ದ ಕಪ್ಪು ಗಂಡಸರ ಸಂಖ್ಯೆ ನೂರರ ಆಸುಪಾಸಿನಲ್ಲಿತ್ತು. ಅವರಲ್ಲಿ 10 ಮಂದಿ ಈ ಒಂದೇ ಊರಿನವರು. ಮೊದಲು ಹೇಳಿದ 250 ಡಾಲರಿನ ಷರತ್ತನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡಿದರೆ, ಇವರು ಬಂಡೆಗಳ ನಡುವೆ ನಿವೇಶನ ಕೊಂಡದ್ದು ತಲೆಯ ಮೇಲೊಂದು ಸೂರು ಬೇಕೆಂಬ ಕಾರಣಕ್ಕಷ್ಟೇ ಅಲ್ಲವೆಂದು ಗೊತ್ತಾಗುತ್ತದೆ. ಆಲ್ಬ್ರೋ ಲಯನ್ಸ್ ಮತ್ತು ಮೇರಿ ಜೋಸೆಫ್ ಲಯನ್ಸ್ ದಂಪತಿಯನ್ನೇ ನೋಡಬಹುದು. ನಗರದ ಕೆಳಭಾಗದಲ್ಲಿ ಕಪ್ಪು ನಾವಿಕರಿಗಾಗಿ ವಸತಿಗೃಹ ನಡೆಸುತ್ತ, ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಗುಟ್ಟಾಗಿ ಮುಂದಕ್ಕೆ ಸಾಗಿಸುತ್ತಿದ್ದ ಅವರಿಗೂ ಸೆನೆಕಾ ವಿಲೇಜಿನಲ್ಲಿ ನೆಲವಿತ್ತು.

1853ರಲ್ಲಿ ರಾಜ್ಯದ ಶಾಸನಸಭೆ ಮಹಾ ಉದ್ಯಾನವೊಂದಕ್ಕೆ ಈ ಪ್ರದೇಶವನ್ನು ಗೊತ್ತುಮಾಡಿತು. ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ಜಮೀನನ್ನು, ಒಡೆಯರ ಒಪ್ಪಿಗೆಯಿಲ್ಲದೆಯೂ, ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಬಳಸಿತು. ನಾವು ಭೂಸ್ವಾಧೀನ ಎನ್ನುವುದು ಇದನ್ನೇ. ಪತ್ರಿಕೆಗಳು ಅಲ್ಲಿಯ ಜನರನ್ನು ಒತ್ತುವರಿ ಮಾಡಿಕೊಂಡವರೆಂದೂ ಅವರ ಮನೆಗಳನ್ನು ಜೋಪಡಿಗಳೆಂದೂ ಬಣ್ಣಿಸಿದವು. ಕ್ರಯಪತ್ರ ಕೈಯಲ್ಲಿ ಹಿಡಿದು, ತೆರಿಗೆ ಕಟ್ಟುತ್ತಿದ್ದ ಒಡೆಯರು ಹೀಗೆ ಓದುಗರ ಕಣ್ಣಿನಲ್ಲಿ ಅತಿಕ್ರಮಣಕಾರರಾದರು. ನಿವಾಸಿಗಳು ಆಕ್ಷೇಪಣೆ ಸಲ್ಲಿಸಿದರು, ಹೆಚ್ಚಿನ ಪರಿಹಾರ ಕೇಳಿದರು. ಆಂಡ್ರ್ಯೂ ವಿಲಿಯಮ್ಸ್ ತನ್ನ ಮನೆ ಮತ್ತು ಮೂರು ನಿವೇಶನಗಳಿಗೆ 3,500 ಡಾಲರ್ ಕೇಳಿದ, ಸಿಕ್ಕಿದ್ದು 2,335. ಕೊಂಡ ಬೆಲೆಗೆ ಹೋಲಿಸಿದರೆ ಅದು ದೊಡ್ಡ ಮೊತ್ತವೇ. ಪರಿಹಾರದ ವ್ಯವಸ್ಥೆ ಸರಿಯಾಗಿಯೇ ನಡೆಯಿತೆಂದು ವಾದಿಸುವವರು ಎತ್ತಿ ತೋರಿಸುವುದೂ ಇದನ್ನೇ. ಆದರೆ ಪರಿಹಾರ ಲೆಕ್ಕಕ್ಕೆ ತೆಗೆದುಕೊಂಡದ್ದು ನಿವೇಶನವನ್ನು ಮಾತ್ರ. ಪಕ್ಕದ ಮನೆಯವರು, ಶಾಲೆ, ಚರ್ಚು, ಸ್ಮಶಾನ, ಒಂದೇ ಕಡೆ ಕೂಡಿಬಂದಿದ್ದ ಆ ಹತ್ತು ಮತಗಳು ಯಾವ ಪಟ್ಟಿಯಲ್ಲೂ ಬರಲಿಲ್ಲ. ಬಾಡಿಗೆಗೆ ಇದ್ದವರಿಗಂತೂ ಜಮೀನಿನ ಪರಿಹಾರದ ಪ್ರಶ್ನೆಯೇ ಇರಲಿಲ್ಲ. 1857ರೊಳಗೆ ಉದ್ಯಾನದ ಇಡೀ ಪ್ರದೇಶದಿಂದ ಸುಮಾರು 1,600 ಜನರನ್ನು ಎಬ್ಬಿಸಲಾಯಿತು. ಸೆನೆಕಾ ವಿಲೇಜಿನವರು ಮತ್ತೆ ಒಂದೆಡೆ ಊರಾಗಿ ನೆಲೆಸಲಿಲ್ಲ. ಒಂದೊಂದು ಕುಟುಂಬ ಒಂದೊಂದು ದಿಕ್ಕಿಗೆ ಹೋಯಿತು.

ಅಲ್ಲಿಂದ ಹದಿನಾಲ್ಕೇ ವರ್ಷಗಳ ನಂತರ, 1871ರಲ್ಲಿ, ಉದ್ಯಾನದಲ್ಲಿ ಅಗೆಯುತ್ತಿದ್ದ ಕೆಲಸಗಾರರಿಗೆ ಶವಪೆಟ್ಟಿಗೆಗಳು ಸಿಕ್ಕವು. ಅವು ಎಲ್ಲಿಂದ ಬಂದವೆಂದು ಜನ ಸೋಜಿಗಪಟ್ಟರು. ಒಂದು ಊರಿನ ನೆನಪು ಅಳಿಯಲು ಅಷ್ಟೇ ಕಾಲ ಸಾಕಾಗಿತ್ತು. 1990ರ ದಶಕದಲ್ಲಿ ಇತಿಹಾಸಕಾರರು ದಾಖಲೆಗಳಿಂದ ಊರನ್ನು ಮತ್ತೆ ಎತ್ತಿ ಹಿಡಿದರು. 2011ರಲ್ಲಿ ಪುರಾತತ್ತ್ವಜ್ಞರು ನಡೆಸಿದ ಉತ್ಖನನದಲ್ಲಿ ಕಲ್ಲಿನ ತಳಪಾಯ, ಕಬ್ಬಿಣದ ಚಹಾ ಕೆಟಲು, ಮಗುವೊಂದರ ಚರ್ಮದ ಷೂ ಮೇಲೆ ಬಂದವು. ಜೋಪಡಿಯೆಂಬ ಮಾತಿಗೆ ಆ ಕಲ್ಲಿನ ತಳಪಾಯವೇ ಉತ್ತರ ಹೇಳುತ್ತದೆ.

ನದಿಯಾಚೆಯ ಬ್ರೂಕ್ಲಿನ್‌ನಲ್ಲಿ ಇಂಥದ್ದೇ ಇನ್ನೊಂದು ಊರು, ವೀಕ್ಸ್‌ವಿಲ್, ಸ್ವಲ್ಪಮಟ್ಟಿಗೆ ಉಳಿದುಕೊಂಡಿತು. 1838ರಲ್ಲಿ ಜೇಮ್ಸ್ ವೀಕ್ಸ್ ಎಂಬ ಬಂದರು ಕೂಲಿಗಾರ ಅಲ್ಲಿ ನೆಲ ಕೊಂಡಿದ್ದ. 1850ರ ದಶಕಕ್ಕೆ ಅದು 500ಕ್ಕೂ ಹೆಚ್ಚು ಜನರ ಊರಾಯಿತು. 1863ರಲ್ಲಿ ನ್ಯೂಯಾರ್ಕಿನಲ್ಲಿ ಸೈನ್ಯಕ್ಕೆ ಕಡ್ಡಾಯ ಸೇರ್ಪಡೆಯ ವಿರುದ್ಧ ಎದ್ದ ದಂಗೆ ಕಪ್ಪು ಜನರ ಮೇಲೆ ತಿರುಗಿದಾಗ, ಓಡಿಬಂದವರಿಗೆ ಆಶ್ರಯ ಕೊಟ್ಟ ಕಡೆಗಳಲ್ಲಿ ಅದೂ ಒಂದು. ಬೆಳೆಯುವ ನಗರ ಅದನ್ನೂ ನುಂಗಿತಾದರೂ, 1968ರಲ್ಲಿ ಜೇಮ್ಸ್ ಹರ್ಲಿ ಎಂಬ ಇತಿಹಾಸಾಸಕ್ತ ಮತ್ತು ವಿಮಾನ ಚಾಲಕ ಜೋಸೆಫ್ ಹೇಯ್ನ್ಸ್ ಮೇಲಿನಿಂದ ಹುಡುಕಿ ಹಳೆಯ ಹಂಟರ್‌ಫ್ಲೈ ರಸ್ತೆಯ ಮನೆಗಳನ್ನು ಗುರುತಿಸಿದರು. ಆ ಮನೆಗಳು ಇಂದಿಗೂ ಇವೆ.

ಭೂಸ್ವಾಧೀನದ ಅಧಿಕಾರವನ್ನು ದ್ವೇಷಕ್ಕೆ ಮುಸುಕಾಗಿ ಬಳಸಿದ್ದು ಇನ್ನೂ ನಿಚ್ಚಳವಾಗಿ ಕಾಣುವುದು ಕ್ಯಾಲಿಫೋರ್ನಿಯಾದಲ್ಲಿ. 1912ರಲ್ಲಿ ವಿಲ್ಲಾ ಬ್ರೂಸ್ ಎಂಬ ಮಹಿಳೆ ಲಾಸ್ ಏಂಜಲೀಸ್ ಬಳಿಯ ಮ್ಯಾನ್‌ಹಟನ್ ಬೀಚ್ ಪಟ್ಟಣದಲ್ಲಿ ಕಡಲತಡಿಯ ನಿವೇಶನವನ್ನು 1,225 ಡಾಲರಿಗೆ ಕೊಂಡಳು. ಅವಳ ಗಂಡ ಚಾರ್ಲ್ಸ್ ರೈಲಿನ ಊಟದ ಬೋಗಿಯಲ್ಲಿ ಅಡುಗೆಯವನು. ಕಪ್ಪು ಜನರಿಗೆ ಹೆಚ್ಚಿನ ಕಡಲತೀರಗಳಲ್ಲಿ ಕಾಲಿಡಲೂ ಬಿಡದಿದ್ದ ಕಾಲದಲ್ಲಿ ಅವರು ಅಲ್ಲಿ ವಸತಿ, ಊಟ, ನೃತ್ಯದ ಅಂಗಳ ಎಲ್ಲವನ್ನೂ ಏರ್ಪಡಿಸಿ ಚೆನ್ನಾಗಿ ನಡೆಸಿದರು. ಸುತ್ತಲಿನವರು ಬಂದವರ ಕಾರಿನ ಟೈರುಗಳ ಗಾಳಿ ಬಿಟ್ಟರು, ವಾಹನ ನಿಲ್ಲಿಸದಂತೆ ಸುಳ್ಳು ಫಲಕ ಹಾಕಿದರು, ನೀರಿಗೆ ಹೋಗುವ ದಾರಿಗೆ ಹಗ್ಗ ಕಟ್ಟಿದರು. ಇದಾವುದಕ್ಕೂ ಅವರು ಜಗ್ಗದಿದ್ದಾಗ, 1924ರಲ್ಲಿ ಪಟ್ಟಣದ ಆಡಳಿತ ಉದ್ಯಾನದ ಹೆಸರು ಹೇಳಿ ಅವರ ಮತ್ತು ಅಕ್ಕಪಕ್ಕದ ಇನ್ನೂ ಕೆಲವು ಕಪ್ಪು ಕುಟುಂಬಗಳ ಜಮೀನನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಬ್ರೂಸ್ ದಂಪತಿ ಕೇಳಿದ್ದು 1,20,000 ಡಾಲರ್, ಬಂದದ್ದು 14,500. ಉದ್ಯಾನ ಮಾತ್ರ ದಶಕಗಟ್ಟಲೆ ಬರಲಿಲ್ಲ. ಜಮೀನು ಬರಿದೇ ಬಿದ್ದಿತ್ತು. ಸೆಂಟ್ರಲ್ ಪಾರ್ಕಿನ ವಿಷಯದಲ್ಲಿ ಕಡೆಯ ಪಕ್ಷ ಉದ್ಯಾನವಾದರೂ ಆಯಿತು ಎನ್ನಬಹುದು; ಇಲ್ಲಿ ಆ ನೆಪವೂ ಉಳಿಯಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ವಿಶೇಷ ಕಾನೂನು ಮಾಡಿದ ಮೇಲೆ 2022ರ ಜುಲೈಯಲ್ಲಿ, ಆ ಹೊತ್ತಿಗೆ ಜಮೀನಿನ ಒಡೆತನ ಹೊಂದಿದ್ದ ಲಾಸ್ ಏಂಜಲೀಸ್ ಕೌಂಟಿ (ಜಿಲ್ಲಾಡಳಿತ) ಆ ನೆಲವನ್ನು ದಂಪತಿಯ ಮರಿಮಕ್ಕಳಿಗೆ ಮರಳಿಸಿತು. ಮರುವರ್ಷ ಅವರು ಅದನ್ನು ಸುಮಾರು 2 ಕೋಟಿ ಡಾಲರಿಗೆ ಕೌಂಟಿಗೇ ಮಾರಿದರು. ಮಾರಿದ್ದೇಕೆ ಎಂದು ಆಕ್ಷೇಪಿಸಿದವರಿದ್ದಾರೆ. ಅದು ಸರಿಯಲ್ಲವೆಂದು ನನಗೆ ತೋರುತ್ತದೆ, ಏಕೆಂದರೆ ಮಾರುವ ಅಥವಾ ಮಾರದಿರುವ ತೀರ್ಮಾನ ಒಡೆಯನದೇ ಆಗಿರುವುದು ಒಡೆತನದ ಮೊದಲ ಲಕ್ಷಣ, ಆ ಕುಟುಂಬದಿಂದ 1924ರಲ್ಲಿ ಕಸಿದುಕೊಂಡದ್ದೂ ಅದನ್ನೇ.

ಇನ್ನು ದಕ್ಷಿಣದ ರಾಜ್ಯಗಳಿಗೆ ಬರೋಣ, ಏಕೆಂದರೆ ಕಪ್ಪು ಜನರ ಬಹುಪಾಲು ನೆಲವಿದ್ದದ್ದು ಅಲ್ಲಿ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಎದ್ದ ಅಂತರ್ಯುದ್ಧ ಮುಗಿಯುತ್ತ ಬಂದಿದ್ದ 1865ರ ಜನವರಿ 12ರಂದು ಜಾರ್ಜಿಯಾದ ಸವಾನಾ ನಗರದಲ್ಲಿ ಉತ್ತರದ ಸೇನಾಪತಿ ಶರ್ಮನ್ ಮತ್ತು ಯುದ್ಧಮಂತ್ರಿ ಸ್ಟ್ಯಾಂಟನ್ ಇಪ್ಪತ್ತು ಮಂದಿ ಕಪ್ಪು ಧರ್ಮಬೋಧಕರನ್ನೂ ಚರ್ಚಿನ ಮುಖಂಡರನ್ನೂ ಕರೆಸಿ ಮಾತನಾಡಿದರು. ಅವರ ಪರವಾಗಿ ಉತ್ತರಿಸಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ತನ್ನ ಮತ್ತು ಹೆಂಡತಿಯ ಬಿಡುಗಡೆಯನ್ನು 1857ರಲ್ಲಿ 1,000 ಡಾಲರ್ ಕೊಟ್ಟು ತಾವೇ ಕೊಂಡುಕೊಂಡವರು. ಬಿಡುಗಡೆಯಾದ ಜನ ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ ಎಂದು ಕೇಳಿದಾಗ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ನಮಗೆ ನೆಲ ಬೇಕು, ಅದನ್ನು ನಮ್ಮ ದುಡಿಮೆಯಿಂದಲೇ ಉತ್ತು ಬಿತ್ತುತ್ತೇವೆ. ನಾಲ್ಕು ದಿನಗಳ ನಂತರ ಶರ್ಮನ್ ಹೊರಡಿಸಿದ ಹದಿನೈದನೆಯ ವಿಶೇಷ ಸೇನಾ ಆದೇಶ, ಚಾರ್ಲ್ಸ್‌ಟನ್ನಿನಿಂದ ದಕ್ಷಿಣಕ್ಕೆ ಫ್ಲಾರಿಡಾದವರೆಗಿನ ಕರಾವಳಿ ಮತ್ತು ದ್ವೀಪಗಳನ್ನು ಬಿಡುಗಡೆಯಾದವರಿಗೆ ಮೀಸಲಿಟ್ಟು, ಕುಟುಂಬಕ್ಕೆ 40 ಎಕರೆ ಮೀರದಂತೆ ನೆಲ ಕೊಡಬೇಕೆಂದಿತು. ಸುಮಾರು 40,000 ಜನ ಅಲ್ಲಿ ನೆಲೆ ನಿಂತು ಬೆಳೆ ತೆಗೆದರು.

ಆದರೆ ಅವರ ಕೈಯಲ್ಲಿದ್ದದ್ದು ಸ್ವಾಧೀನದ ಚೀಟಿಯೇ ಹೊರತು ಪೂರ್ಣ ಒಡೆತನದ ಪತ್ರವಲ್ಲ. ಲಿಂಕನ್ ಕೊಲೆಯಾದ ಮೇಲೆ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಹಳೆಯ ತೋಟದೊಡೆಯರಿಗೆ ಕ್ಷಮಾದಾನ ಕೊಟ್ಟು, ಜಮೀನುಗಳನ್ನೂ ಮರಳಿಸತೊಡಗಿದ. ಆ ವರ್ಷದ ಅಕ್ಟೋಬರಿನಲ್ಲಿ, ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದಿದ್ದ ಇಲಾಖೆಯ ಮುಖ್ಯಸ್ಥ ಜನರಲ್ ಹವರ್ಡ್ ದಕ್ಷಿಣ ಕ್ಯಾರೊಲಿನಾದ ಎಡಿಸ್ಟೋ ದ್ವೀಪಕ್ಕೆ ಹೋಗಿ, ಚರ್ಚಿನಲ್ಲಿ ನೆರೆದ ಜನರಿಗೆ ನೆಲ ಬಿಟ್ಟುಕೊಡಬೇಕಾಗುತ್ತದೆಂದು ತಿಳಿಸಬೇಕಾಯಿತು. ಹಳೆಯ ಒಡೆಯರನ್ನು ಕ್ಷಮಿಸಿರೆಂಬ ಅವರ ಮಾತಿಗೆ ದ್ವೀಪದ ಜನರ ಸಮಿತಿ ಕಾಗದದಲ್ಲಿ ಉತ್ತರ ಬರೆಯಿತು: ನನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟು ಹೊಡೆದವನನ್ನು, ನನ್ನ ತಾಯಿಯನ್ನೂ ಸೋದರಿಯನ್ನೂ ಬಟ್ಟೆ ಕಳಚಿ ಹೊಡೆದವನನ್ನು, ಈಗ ತನ್ನ ಹೊಲದಲ್ಲಿ ದುಡಿದು ತಾನು ಕೊಟ್ಟಷ್ಟಕ್ಕೇ ತೃಪ್ತಿಪಡದಿದ್ದರೆ ಖಾಲಿ ಗುಡಿಸಲಿನಲ್ಲೂ ಇರಗೊಡದವನನ್ನು ನಾನು ಹೇಗೆ ಕ್ಷಮಿಸಲಿ ಎಂಬುದು ಅದರ ಸಾರ. ಈ ಕಾಗದ ಅಮೆರಿಕದ ಪತ್ರಾಗಾರದಲ್ಲಿ ಉಳಿದುಬಂದಿದೆ, ನೆಲ ಉಳಿಯಲಿಲ್ಲ.

ಅದೇ ಕರಾವಳಿಯಲ್ಲಿ, ಕೂಗಳತೆಯ ದೂರದಲ್ಲಿ, ಕೆಲವರ ನೆಲ ಉಳಿಯಿತು. ಇದರ ಕಾರಣ ಕಾಗದದ ಜಾತಿಯಲ್ಲಿದೆ. ಬೋಫರ್ಟ್ ಮತ್ತು ಸೇಂಟ್ ಹೆಲೆನಾ ದ್ವೀಪದ ಸುತ್ತ ತೋಟದೊಡೆಯರು ಯುದ್ಧದ ಆರಂಭದಲ್ಲೇ ಓಡಿಹೋಗಿ ಕೇಂದ್ರ ಸರ್ಕಾರದ ಭೂತೆರಿಗೆ ಕಟ್ಟದೆ ಬಿಟ್ಟಿದ್ದರು. 1862ರ ಕಾನೂನಿನ ಪ್ರಕಾರ ಸರ್ಕಾರ ಆ ಜಮೀನುಗಳನ್ನು ತೆರಿಗೆ ಬಾಕಿಗಾಗಿ ಹರಾಜು ಹಾಕಿತು. ಬಿಡುಗಡೆಯಾದವರಲ್ಲಿ ಕೆಲವರು ಹಣ ಕೂಡಿಹಾಕಿ ಕೂಗಿ ಕೊಂಡರು. ಸೇನಾ ಆದೇಶವನ್ನು ಒಬ್ಬ ಅಧ್ಯಕ್ಷ ತೆಗೆದುಹಾಕಬಹುದಿತ್ತು. ಹರಾಜಿನಲ್ಲಿ ಬೆಲೆ ಕೊಟ್ಟು ಪಡೆದ ಹಕ್ಕನ್ನು ಹಾಗೆ ಅಳಿಸುವುದು ಸುಲಭವಿರಲಿಲ್ಲ. ಇದನ್ನು ಕೊನೆಯ ಕಟ್ಟೆಯವರೆಗೆ ಒಯ್ದು ಗೆದ್ದವರು ರಾಬರ್ಟ್ ಸ್ಮಾಲ್ಸ್. 1839ರಲ್ಲಿ ಬೋಫರ್ಟ್‌ನ ಮನೆಯೊಂದರ ಹಿತ್ತಿಲ ಗುಲಾಮರ ಗುಡಿಸಲಿನಲ್ಲಿ ಹುಟ್ಟಿದ ಅವರು, 1862ರ ಮೇ 13ರ ನಸುಕಿನಲ್ಲಿ ದಕ್ಷಿಣದವರ ‘ಪ್ಲಾಂಟರ್’ ಎಂಬ ಹಡಗನ್ನು, ನಾಯಕನ ಟೋಪಿ ತೊಟ್ಟು, ಕೋಟೆಗಳಿಗೆ ಸರಿಯಾದ ಸಂಕೇತಗಳನ್ನೇ ಕೊಡುತ್ತ, ತಮ್ಮ ಕುಟುಂಬ ಮತ್ತು ಸಂಗಡಿಗರೊಂದಿಗೆ ಚಾರ್ಲ್ಸ್‌ಟನ್ ಬಂದರಿನಿಂದ ಹೊರಗೆ ನಡೆಸಿ ಉತ್ತರದ ನೌಕಾಪಡೆಗೆ ಒಪ್ಪಿಸಿದರು. ಮುಂದೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರೂ ಆದರು. ಹಡಗಿನ ಸಾಹಸ ಈಗೀಗ ಹೆಚ್ಚು ಜನರಿಗೆ ತಿಳಿಯುತ್ತಿದೆ, ಆದರೆ ಅವರ ಮನೆಯ ಕಥೆ ಅದಕ್ಕಿಂತ ಕಡಿಮೆಯದೆಂದು ನಾನು ಭಾವಿಸುವುದಿಲ್ಲ. ತಾವು ಗುಲಾಮನಾಗಿ ಹುಟ್ಟಿದ ಆ ಮನೆಯನ್ನೇ ಅವರು ಯುದ್ಧ ಮುಗಿಯುವ ಮೊದಲು ತೆರಿಗೆ ಹರಾಜಿನಲ್ಲಿ ಕೊಂಡರು. ಹಿಂದಿನ ಒಡೆಯರಾದ ಡಿ ಟ್ರೆವಿಲ್ ಮನೆತನದವರು ಹರಾಜೇ ಅಸಿಂಧುವೆಂದು ದಾವೆ ಹೂಡಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1878ರ ಅವಧಿಯಲ್ಲಿ ತೀರ್ಪು ಸ್ಮಾಲ್ಸ್ ಪರವಾಗಿ ಬಂತು. ಆ ತೀರ್ಪು ಕಾಪಾಡಿದ್ದು ಒಂದು ಮನೆಯನ್ನಷ್ಟೇ ಅಲ್ಲ. ಅದೇ ಬಗೆಯ ಹರಾಜಿನಲ್ಲಿ ಹತ್ತಿಪ್ಪತ್ತು ಎಕರೆ ಕೊಂಡಿದ್ದ ಬಡ ರೈತರ ಹಕ್ಕೂ ಅದರಿಂದ ಗಟ್ಟಿಯಾಯಿತು.

ಸುಮಾರು 1910ರ ಹೊತ್ತಿಗೆ ಕಪ್ಪು ಜನರ ಒಡೆತನದ ಕೃಷಿಭೂಮಿ ಅಂದಾಜು ಒಂದೂವರೆ ಕೋಟಿ ಎಕರೆಗೆ ಮುಟ್ಟಿತ್ತು. 1920ರಲ್ಲಿ ಗೇಣಿದಾರರೂ ಸೇರಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. 2017ರ ಕೃಷಿ ಗಣತಿಯಲ್ಲಿ ಉಳಿದವರು 50,000ಕ್ಕಿಂತ ಕಡಿಮೆ. ಹತ್ತಿ ಬೆಳೆಯ ಕುಸಿತ, ಬಿಳಿಯರ ಹಿಂಸೆ, ಸಾಲ ಕೊಡುವ ಸರ್ಕಾರಿ ಕಚೇರಿಗಳ ತಾರತಮ್ಯ, ಉತ್ತರದ ನಗರಗಳಿಗೆ ವಲಸೆ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ ಕಾರಣ ವಾರಸುದಾರರ ಅವಿಭಕ್ತ ಆಸ್ತಿಯದು. ಪಾಲುಪಟ್ಟಿಯಾಗದ ಪಿತ್ರಾರ್ಜಿತ ಜಮೀನಿನ ಕಷ್ಟ ಗೊತ್ತಿರುವ ನಮ್ಮ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ.

ದಕ್ಷಿಣದ ಕಪ್ಪು ರೈತರಲ್ಲಿ ಹೆಚ್ಚಿನವರು ಉಯಿಲು ಬರೆಯದೆ ತೀರಿಕೊಳ್ಳುತ್ತಿದ್ದರು. ಹತ್ತಿರದಲ್ಲಿ ಕಪ್ಪು ವಕೀಲರಿರಲಿಲ್ಲ. ಬಿಳಿಯರ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಇದ್ದದ್ದೂ ಹೋದೀತೆಂಬ ಭಯ ನಿರಾಧಾರವಾಗಿರಲಿಲ್ಲ. ಜತೆಗೆ, ಹಂಚದೆ ಬಿಟ್ಟ ನೆಲವನ್ನು ಯಾರೊಬ್ಬರೂ ಮಾರಲಾರರು, ಅದು ಮನೆತನದಲ್ಲೇ ಉಳಿಯುತ್ತದೆ ಎಂಬ ನಂಬಿಕೆಯೂ ಇತ್ತು. ಕಾನೂನು ಇದಕ್ಕೆ ತದ್ವಿರುದ್ಧವಾಗಿತ್ತು. ಉಯಿಲಿಲ್ಲದಿದ್ದರೆ ಎಲ್ಲ ವಾರಸುದಾರರೂ ಇಡೀ ಜಮೀನಿಗೆ ಜಂಟಿ ಒಡೆಯರಾಗುತ್ತಾರೆ. ಗಡಿ ಗುರುತಿಸದ ಪಾಲು ಪ್ರತಿಯೊಬ್ಬರಿಗೂ ಬರುತ್ತದೆ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಜಮೀನಿಗೆ ಹತ್ತಾರು ಪಾಲುದಾರರು. ಅರ್ಧಕ್ಕರ್ಧ ಮಂದಿ ಷಿಕಾಗೊ, ಡೆಟ್ರಾಯಿಟ್ ಸೇರಿ, ಆ ಜಮೀನನ್ನು ಕಣ್ಣಾರೆ ಕಂಡವರೂ ಆಗಿರುವುದಿಲ್ಲ. ಇವರಲ್ಲಿ ಯಾರೇ ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಬಹುದು. ಮಿಕ್ಕವರ ಒಪ್ಪಿಗೆ ಬೇಕಿಲ್ಲ. ಹಾಗೆ ಸಣ್ಣದೊಂದು ಪಾಲು ಕೊಂಡ ಜಮೀನು ವ್ಯಾಪಾರಿಯೂ ಜಂಟಿ ಒಡೆಯನೇ ಆಗಿ, ವಿಭಾಗ ದಾವೆ ಹೂಡುವ ಹಕ್ಕು ಪಡೆಯುತ್ತಾನೆ. ಇಷ್ಟು ಜನರಿಗೆ ಭೌತಿಕವಾಗಿ ಹಂಚುವುದು ಅಸಾಧ್ಯವೆಂದು ನ್ಯಾಯಾಲಯ ಕಂಡುಕೊಂಡರೆ, ಇಡೀ ಜಮೀನನ್ನು ಹರಾಜು ಮಾಡಿ ಹಣ ಹಂಚಲು ಆದೇಶಿಸುತ್ತದೆ. ಒಡೆತನದ ದಾಖಲೆ ಸ್ಪಷ್ಟವಿಲ್ಲದ ನೆಲದ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ, ಅದೇ ನೆಲದಲ್ಲಿ ಉಳುತ್ತಿರುವ ಕುಟುಂಬಕ್ಕೆ ಹರಾಜಿನಲ್ಲಿ ಕೂಗಲು ನಗದು ಇರುವುದಿಲ್ಲ. ದಾವೆ ಹೂಡಿದವನೇ ಅಗ್ಗಕ್ಕೆ ಎಲ್ಲವನ್ನೂ ಕೊಳ್ಳುತ್ತಾನೆ. ಇಲ್ಲಿ ಸುಳ್ಳು ದಾಖಲೆಯಿಲ್ಲ, ಬೆದರಿಕೆಯಿಲ್ಲ. ಪ್ರತಿ ಹಂತವೂ ಕಾನೂನುಬದ್ಧ.

ಕರಾವಳಿಯ ದ್ವೀಪಗಳಲ್ಲಿ ಇದು ವೇಗವಾಗಿ ನಡೆಯಿತು. 1956ರಲ್ಲಿ ದಕ್ಷಿಣ ಕ್ಯಾರೊಲಿನಾದ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆಯಾದ ನಂತರ, ಆಫ್ರಿಕದ ನುಡಿ ಮತ್ತು ನಡೆಗಳನ್ನು ಉಳಿಸಿಕೊಂಡು ಬಂದಿದ್ದ ಗಲ್ಲಾ ಜನರ ಹೊಲಗಳ ಪಕ್ಕದಲ್ಲಿ ವಿಹಾರಧಾಮಗಳೂ ಗಾಲ್ಫ್ ಮೈದಾನಗಳೂ ಎದ್ದು, ನೆಲದ ಬೆಲೆ ಮತ್ತು ತೆರಿಗೆ ಎರಡೂ ಏರಿದವು. ಉತ್ತರ ಕ್ಯಾರೊಲಿನಾದಲ್ಲಿ, ಉಯಿಲು ಬರೆಯದೆ ತೀರಿದ ಅಜ್ಜನ ನದೀತೀರದ ಜಮೀನು ಸಂಬಂಧಿಯೊಬ್ಬನ ಮೂಲಕ ಹೊರಗಿನವರ ಕೈಸೇರಿದಾಗ, ಅಲ್ಲಿಂದ ಏಳಲು ನಿರಾಕರಿಸಿದ ಇಬ್ಬರು ಸೋದರರು ನ್ಯಾಯಾಂಗ ನಿಂದನೆಯ ಹೆಸರಿನಲ್ಲಿ 2011ರಿಂದ 2019ರವರೆಗೆ ಸೆರೆಮನೆಯಲ್ಲಿದ್ದರು. ಅವರ ಮೇಲೆ ಬೇರಾವ ಅಪರಾಧದ ಆರೋಪವೂ ಇರಲಿಲ್ಲ.

ಇದನ್ನು ಸರಿಪಡಿಸಲು 2010ರಲ್ಲಿ ಮಾದರಿ ಕಾನೂನೊಂದು ಸಿದ್ಧವಾಯಿತು. ಅದರ ಕರಡನ್ನು ಮುಖ್ಯವಾಗಿ ರೂಪಿಸಿದವರು ಕಾನೂನು ಪ್ರಾಧ್ಯಾಪಕ ಥಾಮಸ್ ಮಿಚೆಲ್. ಅದರ ಪ್ರಕಾರ ಯಾರಾದರೂ ಜಮೀನು ಮಾರಿಸಲು ದಾವೆ ಹೂಡಿದರೆ, ನ್ಯಾಯಾಲಯ ಮೊದಲು ಅದರ ನಿಜ ಬೆಲೆ ಕಟ್ಟಿಸಬೇಕು. ದಾವೆ ಹೂಡಿದವನ ಪಾಲನ್ನು ಆ ಬೆಲೆಗೆ ಕೊಳ್ಳುವ ಅವಕಾಶವನ್ನು ಉಳಿದ ವಾರಸುದಾರರಿಗೆ ಕೊಡಬೇಕು. ಅದಾಗದಿದ್ದರೆ ನೆಲ ಹಂಚಲು ಸಾಧ್ಯವೇ ಎಂದು ನೋಡುವಾಗ ಹಣದ ಜತೆಗೆ ಮನೆತನದ ನಂಟು ಮತ್ತು ಅಲ್ಲಿ ವಾಸಿಸುವವರ ಗತಿಯನ್ನೂ ಗಣಿಸಬೇಕು. ಮಾರಲೇಬೇಕಾಗಿ ಬಂದರೆ ಕೋರ್ಟಿನ ಕಟ್ಟೆಯ ಹರಾಜಿನ ಬದಲು ಮುಕ್ತ ಮಾರುಕಟ್ಟೆಯಲ್ಲಿ ಮಾರಬೇಕು. ಜಾರ್ಜಿಯಾ 2012ರಲ್ಲಿ, ಅಲಬಾಮಾ 2014ರಲ್ಲಿ ಇದನ್ನು ಅಳವಡಿಸಿಕೊಂಡವು. ದಕ್ಷಿಣ ಕ್ಯಾರೊಲಿನಾ 2016ರಲ್ಲಿ ಅಂಗೀಕರಿಸಿದ ಕಾನೂನಿಗೆ ಕ್ಲೆಮೆಂಟಾ ಪಿಂಕ್ನಿ ಅವರ ಹೆಸರಿದೆ; ಆ ರಾಜ್ಯದ ಸೆನೆಟರೂ ಪಾದ್ರಿಯೂ ಆಗಿದ್ದ ಅವರು 2015ರಲ್ಲಿ ಚಾರ್ಲ್ಸ್‌ಟನ್ನಿನ ತಮ್ಮ ಚರ್ಚಿನಲ್ಲೇ ಬಿಳಿಯ ಜನಾಂಗವಾದಿಯ ಗುಂಡಿಗೆ ಬಲಿಯಾದ ಒಂಬತ್ತು ಮಂದಿಯಲ್ಲಿ ಒಬ್ಬರು. 2018ರ ಕೇಂದ್ರ ಕೃಷಿ ಕಾನೂನು ಇನ್ನೊಂದು ಬಾಗಿಲು ತೆರೆಯಿತು: ಸ್ಪಷ್ಟ ಒಡೆತನ ಪತ್ರವಿಲ್ಲದ ವಾರಸುದಾರರೂ ಬೇರೆ ದಾಖಲೆಗಳನ್ನು ತೋರಿಸಿ ಕೃಷಿ ಇಲಾಖೆಯ ನೋಂದಣಿ ಸಂಖ್ಯೆ ಪಡೆದು, ಸಾಲ ಮತ್ತು ನೆರವಿಗೆ ಅರ್ಜಿ ಹಾಕಬಹುದು. ಈಗ ದಕ್ಷಿಣದ ಹಳ್ಳಿಗಳಲ್ಲಿ ಈ ವಿಷಯವನ್ನೇ ಹಿಡಿದು ದುಡಿಯುವ ವಕೀಲರ ತಂಡಗಳು ಮನೆಮನೆಗೆ ಹೋಗಿ ವಂಶವೃಕ್ಷ ಬರೆಸುತ್ತವೆ, ದೂರದ ಪಾಲುದಾರರನ್ನು ಹುಡುಕುತ್ತವೆ, ಬದುಕಿರುವ ಹಿರಿಯರಿಂದ ಉಯಿಲು ಬರೆಸುತ್ತವೆ.